ಶೂನ್ಯ ಪೀಠ, ಶಿಲುಬೆಯ ದೇಹ: ಬೌದ್ಧ ಮತ್ತು ಕ್ರೈಸ್ತ ಧರ್ಮಗಳಲ್ಲಿ ಪರಮಸತ್ಯ

ಪರಮಸತ್ಯ ಎಂದರೆ ಅದರಾಚೆಗೆ ಕೇಳಲು ಮತ್ತೊಂದು ಪ್ರಶ್ನೆ ಉಳಿಯದಂಥದ್ದು. ಉಳಿದ ಸತ್ಯಗಳೆಲ್ಲ ಯಾವುದರ ಮೇಲೆ ನಿಂತಿವೆಯೋ ಅದು. ಕ್ರೈಸ್ತಧರ್ಮವೂ ಬೌದ್ಧಧರ್ಮವೂ ಇಂಥದ್ದೊಂದು ಇದೆ ಎನ್ನುತ್ತವೆ. ಮನುಷ್ಯನ ಬಿಡುಗಡೆ ಇರುವುದು ಅದನ್ನು ಅರಿಯುವುದರಲ್ಲೇ ಎಂದೂ ಎರಡೂ ಹೇಳುತ್ತವೆ. ಆದರೆ ಅದು ಏನು ಎಂದು ಕೇಳಿದ ಕೂಡಲೇ ದಾರಿಗಳು ಕವಲೊಡೆಯುತ್ತವೆ. ಕ್ರೈಸ್ತಧರ್ಮ ಒಬ್ಬ ವ್ಯಕ್ತಿಯತ್ತ ಕೈ ತೋರಿಸುತ್ತದೆ. ಬೌದ್ಧಧರ್ಮ ಯಾರತ್ತಲೂ ಕೈ ತೋರಿಸದೆ, ವಸ್ತುಗಳು ಇರುವ ಬಗೆಯನ್ನು ನೆಟ್ಟಗೆ ನೋಡು ಎನ್ನುತ್ತದೆ. ಒಂದರಲ್ಲಿ ಸತ್ಯವೇ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ. ಇನ್ನೊಂದರಲ್ಲಿ ಮನುಷ್ಯ ಕಣ್ಣು ತೆರೆಯುವವರೆಗೆ ಸತ್ಯ ತಾನಿದ್ದಲ್ಲೇ ಇರುತ್ತದೆ. ಎಲ್ಲ ಧರ್ಮಗಳ ಸಾರವೂ ಒಂದೇ ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಬರುತ್ತದೆ. ಅದರ ಹಿಂದಿನ ಮನಸ್ಸು ಒಳ್ಳೆಯದು, ಆದರೆ ಈ ಎರಡು ಧರ್ಮಗಳ ವಿಷಯದಲ್ಲಿ ಆ ಮಾತು ಎರಡಕ್ಕೂ ನ್ಯಾಯ ಒದಗಿಸುವುದಿಲ್ಲ.

ಈ ಎರಡು ಧರ್ಮಗಳ ಗುರುತುಗಳೂ ಒತ್ತೊತ್ತಾಗಿ ಸಿಗುವ ಸೀಮೆಯೆಂದರೆ ಕೃಷ್ಣಾ, ಭೀಮಾ, ತುಂಗಭದ್ರಾ ನದಿಗಳ ನಡುವಣ ನೆಲ. ಇಂದು ತೆಲಂಗಾಣದಲ್ಲಿರುವ ಗದ್ವಾಲ್, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಈ ಭಾಗವನ್ನು ಸ್ಥಳೀಯರು ನಡಿಗಡ್ಡ ಎಂದು ಕರೆಯುತ್ತಾರೆ. ಮಕ್ತಲ್ ಕಡೆ, ಕನ್ನಡ ಮಾತು ಇಂದಿಗೂ ಕಿವಿಗೆ ಬೀಳುವ ಊರುಗಳ ಬಳಿ, ಭೀಮೆ ಕೃಷ್ಣೆಯನ್ನು ಕೂಡುತ್ತಾಳೆ. ಭೀಮೆಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಕಲಬುರಗಿ ಜಿಲ್ಲೆಯ ಸನ್ನತಿ, ಅದರ ಪಕ್ಕದಲ್ಲೇ ಕನಗನಹಳ್ಳಿ. ಅಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಅಗೆತ ನಡೆಸಿದಾಗ ಸುಣ್ಣಕಲ್ಲಿನ ಕೆತ್ತನೆಗಳಿಂದ ತುಂಬಿದ ದೊಡ್ಡದೊಂದು ಸ್ತೂಪ ಬೆಳಕಿಗೆ ಬಂತು. ರಾಣಿಯ ಜೊತೆ ನಿಂತ ಒಬ್ಬ ರಾಜನ ಕೆತ್ತನೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರೇ ಇದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಶಾಸನವೂ ಅಶೋಕನನ್ನು ಹೆಸರಿಟ್ಟು ಕರೆಯುತ್ತದೆ. ದೇವಾನಾಂಪ್ರಿಯ ಎಂಬ ಬಿರುದಿನ ಅರಸ ಯಾರು ಎಂಬ ಚರ್ಚೆಗೆ ತೆರೆ ಬಿದ್ದದ್ದು ಆ ಬಂಡೆಯಿಂದ.

ಕನಗನಹಳ್ಳಿಯ ಕೆತ್ತನೆಗಳಲ್ಲಿ ಒಂದು ವಿಶೇಷವನ್ನು ಹತ್ತಿರ ಹೋಗಿ ನೋಡಬೇಕು. ಹಳೆಯ ಫಲಕಗಳಲ್ಲಿ ಬುದ್ಧ ಮನುಷ್ಯರೂಪದಲ್ಲಿಲ್ಲ. ಭಕ್ತರು ಕೈಮುಗಿದು ಬಾಗಿರುತ್ತಾರೆ; ಅವರೆದುರು ಬೋಧಿವೃಕ್ಷವಿದೆ, ಚಕ್ರವಿದೆ, ಎರಡು ಪಾದಗಳ ಗುರುತಿದೆ, ಪೀಠವಿದೆ. ಪೀಠದ ಮೇಲೆ ಮಾತ್ರ ಯಾರೂ ಇಲ್ಲ. ಬುದ್ಧನ ಮೂರ್ತಿಗಳು ಇಲ್ಲಿಗೆ ಬಂದದ್ದು ಆಮೇಲೆ. ಹೀಗೇಕೆ ಎಂಬುದಕ್ಕೆ ವಿದ್ವಾಂಸರು ಬೇರೆ ಬೇರೆ ಕಾರಣ ಕೊಡುತ್ತಾರಾದರೂ ಆ ಖಾಲಿ ಪೀಠ ಬೌದ್ಧಚಿಂತನೆಯ ನಡುವಿಗೇ ಬೆರಳಿಡುತ್ತದೆ. ಇದೇ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದ ಕ್ಯಾಥೊಲಿಕ್ ಕ್ರೈಸ್ತರು ನೆಲೆಸಿದ್ದಾರೆ. ಕ್ಯಾಥೊಲಿಕ್ ಇಗರ್ಜಿಯ ಪೀಠದ ಬಳಿ ಕಣ್ಣಿಗೆ ಬೀಳುವುದು ಶಿಲುಬೆ ಮತ್ತು ಅದರ ಮೇಲೆ ಮೊಳೆ ಹೊಡೆಸಿಕೊಂಡ ಒಂದು ದೇಹ. ಒಂದು ಧರ್ಮಕ್ಕೆ ಪರಮಸತ್ಯವನ್ನು ತೋರಿಸಲು ದೇಹ ಬೇಕೇ ಬೇಕು, ಇನ್ನೊಂದಕ್ಕೆ ಬೇಕಿಲ್ಲ. ಉಳಿದ ತಾತ್ವಿಕ ಚರ್ಚೆಗಳು ಬಹುಮಟ್ಟಿಗೆ ಈ ವ್ಯತ್ಯಾಸದ ವಿವರಣೆಗಳೇ.

ಬುದ್ಧ ಸಾರನಾಥದ ಮೊದಲ ಉಪದೇಶದಲ್ಲಿ ಹೇಳಿದ್ದು ನಾಲ್ಕು ಆರ್ಯಸತ್ಯಗಳನ್ನು: ದುಃಖವಿದೆ, ದುಃಖಕ್ಕೆ ಕಾರಣವಿದೆ, ಅದು ನಿಲ್ಲುತ್ತದೆ, ನಿಲ್ಲಿಸುವ ಮಾರ್ಗವಿದೆ. ಶಾಲೆಯ ಪುಸ್ತಕಗಳಲ್ಲಿ ಈ ನಾಲ್ಕೂ ಬಾಯಿಪಾಠದ ಸಾಲುಗಳಾಗಿಬಿಟ್ಟಿವೆ. ಆದರೆ ಬುದ್ಧ ಪ್ರತಿಯೊಂದರ ಜೊತೆ ಒಂದು ಕೆಲಸವನ್ನೂ ಕಟ್ಟಿಕೊಟ್ಟಿದ್ದ. ದುಃಖವನ್ನು ಪೂರ್ತಿಯಾಗಿ ಅರಿಯಬೇಕು, ಅದರ ಕಾರಣವಾದ ತೃಷ್ಣೆಯನ್ನು ಬಿಡಬೇಕು, ನಿರೋಧವನ್ನು ಸ್ವತಃ ಕಂಡುಕೊಳ್ಳಬೇಕು, ಮಾರ್ಗವನ್ನು ಬೆಳೆಸಿಕೊಳ್ಳಬೇಕು. ಇಲ್ಲಿ ಸತ್ಯವನ್ನು ನಂಬಿದರೆ ಸಾಲದು, ಮಾಡಿ ಮುಗಿಸಬೇಕು. ಲೋಕಕ್ಕೆ ಕೊನೆಯಿದೆಯೇ, ದೇಹ ಜೀವಗಳು ಬೇರೆಯೇ, ಸತ್ತ ಮೇಲೆ ತಥಾಗತ ಇರುತ್ತಾನೆಯೇ ಎಂದು ಮಾಲುಂಕ್ಯಪುತ್ತನೆಂಬ ಭಿಕ್ಷು ಪಟ್ಟು ಹಿಡಿದಾಗ ಬುದ್ಧ ಉತ್ತರಿಸಲಿಲ್ಲ. ಮೈಗೆ ನಂಜಿನ ಬಾಣ ನೆಟ್ಟವನು ಬಿಟ್ಟವನ ಕುಲಗೋತ್ರ ವಿಚಾರಿಸುತ್ತ ಕೂತರೆ ಚಿಕಿತ್ಸೆಗೆ ಮುಂಚೆಯೇ ಸಾಯುತ್ತಾನೆ ಎಂದು ಹೇಳಿ ಕಳಿಸಿದ. ಗೊತ್ತಿಲ್ಲದ್ದಕ್ಕೆ ಹುಟ್ಟಿದ ಮೌನ ಇದಲ್ಲ. ಬಿಡುಗಡೆಗೆ ಒದಗದ ಪ್ರಶ್ನೆಯನ್ನು ಬೇಕೆಂದೇ ಬದಿಗಿಟ್ಟದ್ದು.

ಬುದ್ಧ ಮೌನ ಮುರಿದು ಹೇಳಿದ್ದು ಪ್ರತೀತ್ಯಸಮುತ್ಪಾದವನ್ನು. ಇದಿದ್ದರೆ ಅದಿರುತ್ತದೆ, ಇದು ನಿಂತರೆ ಅದೂ ನಿಲ್ಲುತ್ತದೆ. ತನ್ನ ಬಲದಿಂದ ತಾನೇ ನಿಂತ ವಸ್ತು ಒಂದೂ ಇಲ್ಲ. ನಾನು ಎನ್ನುವುದೂ ಹೀಗೆ ಕೂಡಿಬಂದದ್ದೇ. ಹುಟ್ಟದ, ಯಾರೂ ಮಾಡದ, ಕೂಡಿ ಆಗದ ಒಂದು ನೆಲೆ ಇಲ್ಲದಿದ್ದರೆ ಹುಟ್ಟುಸಾವುಗಳಿಂದ ಪಾರಾಗುವ ದಾರಿಯೇ ಇರುತ್ತಿರಲಿಲ್ಲ ಎಂಬ ಅರ್ಥದ ಮಾತೂ ಪಾಳಿ ಗ್ರಂಥಗಳಲ್ಲಿದೆ. ಅದೇ ನಿಬ್ಬಾಣ, ಸಂಸ್ಕೃತದಲ್ಲಿ ನಿರ್ವಾಣ. ಶ್ರೀಲಂಕಾ, ಮ್ಯಾನ್ಮಾರ್‌ಗಳಲ್ಲಿ ಉಳಿದುಬಂದ ಥೇರವಾದದ ಅಭಿಧಮ್ಮ ಪರಂಪರೆ ಪರಮಾರ್ಥವಾಗಿ ಇರುವುದು ನಾಲ್ಕೇ ಎಂದು ಎಣಿಸುತ್ತದೆ: ಚಿತ್ತ, ಚಿತ್ತದ ಜೊತೆಗೂಡಿ ಬರುವ ಚೈತಸಿಕಗಳು, ರೂಪ ಮತ್ತು ನಿಬ್ಬಾಣ. ಮೊದಲ ಮೂರು ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುತ್ತವೆ, ನಾಲ್ಕನೆಯದು ಮಾತ್ರ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ. ಆದರೆ ನಿಬ್ಬಾಣ ಲೋಕವನ್ನು ಸೃಷ್ಟಿಸುವುದಿಲ್ಲ, ಯಾರ ಪ್ರಾರ್ಥನೆಯನ್ನೂ ಕೇಳುವುದಿಲ್ಲ. ಅದನ್ನು ದೇವರ ಇನ್ನೊಂದು ಹೆಸರೆಂದು ಓದಿದರೆ ಬೌದ್ಧರ ಬಾಯಲ್ಲಿ ಅವರಾಡದ ಮಾತನ್ನು ತುರುಕಿದಂತೆ.

ಪರಮಸತ್ಯದ ವಿಚಾರವನ್ನು ಅತ್ಯಂತ ಹರಿತವಾಗಿ ಎತ್ತಿದ ಬೌದ್ಧ ಚಿಂತಕ ಇದೇ ಕೃಷ್ಣೆಯ ಕಣಿವೆಯೊಂದಿಗೆ ಹೆಸರು ಬೆಸೆದುಕೊಂಡವನು. ಕ್ರಿ.ಶ. 2ನೇ ಶತಮಾನದ ನಾಗಾರ್ಜುನನಿಗೂ ಶಾತವಾಹನ ಅರಸನೊಬ್ಬನಿಗೂ ಗೆಳೆತನವಿತ್ತು ಎಂದು ಪರಂಪರೆ ಹೇಳುತ್ತದೆ. ಗದ್ವಾಲ್ ದಾಟಿ ಹರಿಯುವ ಕೃಷ್ಣೆಯ ಕೆಳಹರಿವಿನಲ್ಲಿರುವ ನಾಗಾರ್ಜುನಕೊಂಡ ಅವನ ಹೆಸರನ್ನೇ ಹೊತ್ತಿದೆ. ನಾಗಾರ್ಜುನಸಾಗರ ಜಲಾಶಯ ತುಂಬುವ ಮುನ್ನ ಅಲ್ಲಿನ ಬೌದ್ಧ ಅವಶೇಷಗಳನ್ನು ಬಿಚ್ಚಿ ಎತ್ತರದ ಗುಡ್ಡಕ್ಕೆ ಸಾಗಿಸಿದರು. ಇಂದು ಅದು ನೀರಿನ ನಡುವೆ ದ್ವೀಪ. ನಾಗಾರ್ಜುನನ ಮೂಲಮಧ್ಯಮಕಕಾರಿಕೆ ಎಂಬ ಗ್ರಂಥದ 24ನೇ ಅಧ್ಯಾಯ ಎರಡು ಸತ್ಯಗಳನ್ನು ಬೇರ್ಪಡಿಸುತ್ತದೆ. ಸಂವೃತಿಸತ್ಯ ಲೋಕವ್ಯವಹಾರದ ಸತ್ಯ: ನಾನು, ನೀನು, ಮನೆ, ಸಾಲ, ಮಳೆ. ಪರಮಾರ್ಥಸತ್ಯವೆಂದರೆ ಇವೆಲ್ಲ ಶೂನ್ಯ ಎಂಬ ಅರಿವು.

ಶೂನ್ಯ ಎಂದಾಕ್ಷಣ ಏನೂ ಇಲ್ಲ ಎಂದು ತಿಳಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಗದ್ವಾಲ್ ಸೀರೆಯನ್ನೇ ಎದುರಿಗಿಟ್ಟುಕೊಳ್ಳಬಹುದು. ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ನೇಯುವಾಗಲೇ ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಒಂದೊಂದೇ ಎಳೆ ಬಿಡಿಸುತ್ತ ಹೋದರೆ ಹತ್ತಿ ಸಿಗುತ್ತದೆ, ರೇಷ್ಮೆ ಸಿಗುತ್ತದೆ, ಬಣ್ಣ ಸಿಗುತ್ತದೆ. ಸೀರೆ ಎಂಬ ಪ್ರತ್ಯೇಕ ವಸ್ತು ಎಲ್ಲೂ ಸಿಗುವುದಿಲ್ಲ. ಹಾಗೆಂದು ಸೀರೆ ಸುಳ್ಳಲ್ಲ. ಅದನ್ನು ಉಡುತ್ತಾರೆ, ಮಾರುತ್ತಾರೆ, ಮಗಳ ಮದುವೆಗೆ ಎತ್ತಿಡುತ್ತಾರೆ. ಎಳೆ, ಮಗ್ಗ, ನೇಕಾರನ ಕೈ, ಉಡುವವರ ಬಳಕೆ ಇವೆಲ್ಲ ಕೂಡಿದ್ದರಿಂದ ಅದಿದೆ. ಅವುಗಳ ಹೊರಗೆ ತನ್ನದೇ ಆದ ಸ್ವಭಾವ ಅದಕ್ಕಿಲ್ಲ. ನಾಗಾರ್ಜುನ ಹೇಳುವ ಶೂನ್ಯತೆ ಇದು. ಅವನ ದಿಟ್ಟತನವೆಂದರೆ ಇದನ್ನು ಸೀರೆಗೆ, ಮನುಷ್ಯನಿಗೆ ಅನ್ವಯಿಸಿ ಅಷ್ಟಕ್ಕೇ ನಿಲ್ಲಿಸದೆ ನಿರ್ವಾಣಕ್ಕೂ ಶೂನ್ಯತೆಗೂ ಅನ್ವಯಿಸಿದ್ದು. ಶೂನ್ಯತೆಯನ್ನೇ ಒಂದು ಪರಮವಸ್ತುವೆಂದು ಹಿಡಿದುಕೊಂಡವನಿಗೆ ಮದ್ದೇ ಇಲ್ಲ ಎಂದ. ವ್ಯವಹಾರಸತ್ಯದ ಆಸರೆಯಿಲ್ಲದೆ ಪರಮಾರ್ಥವನ್ನು ಬೋಧಿಸಲಾಗದು ಎಂದೂ ಅವನೇ ಹೇಳಿದ. ಹೀಗಾಗಿ ಬೌದ್ಧ ಪರಂಪರೆಯ ಈ ಕವಲಿನಲ್ಲಿ ಪರಮಸತ್ಯ ಲೋಕದಾಚೆಗೆ ಎಲ್ಲೋ ಇರುವ ಮತ್ತೊಂದು ಲೋಕವಲ್ಲ. ಇದೇ ಲೋಕವನ್ನು ಭ್ರಮೆಯಿಲ್ಲದೆ ಕಂಡರೆ ಅದೇ ಪರಮಾರ್ಥ.

ಕ್ರೈಸ್ತಧರ್ಮದ ಮಾತು ಬೇರೆ ಕಡೆಯಿಂದ ಹೊರಡುತ್ತದೆ. ಅದರ ಮೊದಲ ಹೆಜ್ಜೆ ಸೃಷ್ಟಿ. ಲೋಕ ತನ್ನಷ್ಟಕ್ಕೆ ತಾನೇ ಇಲ್ಲ ಎಂಬಲ್ಲಿ ಕ್ರೈಸ್ತರೂ ಬೌದ್ಧರೂ ಒಪ್ಪುತ್ತಾರೆ. ಆದರೆ ಹಾಗಾದರೆ ಅದನ್ನು ಇರಿಸಿರುವವನು ಯಾರು ಎಂದು ಕ್ರೈಸ್ತರು ಮುಂದೆ ಕೇಳುತ್ತಾರೆ. ಬೌದ್ಧರಿಗೆ ಆ ಪ್ರಶ್ನೆಯೇ ಬೇಕಿಲ್ಲ. ಏನೂ ಇಲ್ಲದಲ್ಲಿಂದ ದೇವರು ಲೋಕವನ್ನು ಇಚ್ಛೆಪಟ್ಟು ಉಂಟುಮಾಡಿದ, ಪ್ರತಿ ಕ್ಷಣವೂ ಅದನ್ನು ಹಿಡಿದೆತ್ತಿದ್ದಾನೆ ಎಂಬುದು ಕ್ರೈಸ್ತ ನಂಬಿಕೆ. ಎರಡನೆಯ ಹೆಜ್ಜೆಯೇ ಕ್ರೈಸ್ತಧರ್ಮವನ್ನು ಉಳಿದವುಗಳಿಂದ ಬೇರೆ ಮಾಡುವುದು. ಆ ದೇವರ ವಾಕ್ಯ ಮನುಷ್ಯದೇಹ ತಾಳಿ ಬಂತು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಅದೇ ಸುವಾರ್ತೆಯಲ್ಲಿ ಯೇಸು ತಾನು ಸತ್ಯವನ್ನು ಬಲ್ಲೆ ಎನ್ನುವುದಿಲ್ಲ, ತಾನೇ ಸತ್ಯ ಎನ್ನುತ್ತಾನೆ. ವಿಚಾರಣೆಗೆ ಕೂತ ರೋಮನ್ ಅಧಿಕಾರಿ ಪೊಂತಿಯ ಪಿಲಾತ ಸತ್ಯವೆಂದರೇನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋಗುತ್ತಾನೆ. ಏನು ಎಂದು ಕೇಳಿದ್ದೇ ಪಿಲಾತನ ತಪ್ಪು, ಯಾರು ಎಂದು ಕೇಳಬೇಕಿತ್ತು ಎಂದು ಕ್ರೈಸ್ತ ವ್ಯಾಖ್ಯಾನಕಾರರು ವಿವರಿಸುತ್ತಾರೆ.

ಈ ನಂಬಿಕೆಗೆ ಖಚಿತವಾದ ಮಾತಿನ ಚೌಕಟ್ಟು ಕಟ್ಟಲು ನಾಲ್ಕು ಶತಮಾನ ಹಿಡಿಯಿತು. ಕ್ರಿ.ಶ. 325ರ ನೈಸಿಯಾ ಮಹಾಸಭೆ ಕ್ರಿಸ್ತ ದೇವರ ಸೃಷ್ಟಿಯಲ್ಲ, ತಂದೆಯೊಂದಿಗೆ ಏಕಸ್ವರೂಪನಾದವನು ಎಂದು ಸಾರಿತು. 451ರ ಕಾಲ್ಸಿಡನ್ ಸಭೆ ಅವನು ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು ಎಂದಿತು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೈಕ್ಯ ಸಿದ್ಧಾಂತದ ಫಲವಾಗಿ ಪರಮಸತ್ಯವೇ ಒಂದು ಸಂಬಂಧವಾಯಿತು. ದೇವರು ಪ್ರೀತಿಸುತ್ತಾನೆ ಎನ್ನುವುದಕ್ಕಿಂತ ಹೆಚ್ಚಾಗಿ, ದೇವರ ಇರವೇ ಪ್ರೀತಿ. ಹೊರಗಿನವರಿಗೆ ಇದು ಲೆಕ್ಕದ ಗೊಂದಲದಂತೆ ಕಾಣುವುದುಂಟು. ಮೂರು ಒಂದಾಗುವುದು ಹೇಗೆ ಎಂದು ಕೇಳುತ್ತಾರೆ. ಸಿದ್ಧಾಂತದ ಕಾಳಜಿ ಲೆಕ್ಕದ ಮೇಲಲ್ಲ. ಒಂಟಿಯಾಗಿ ಕೂತ ಪರಮತತ್ವವೊಂದು ಆಮೇಲೆ ಪ್ರೀತಿಸಲು ಕಲಿತದ್ದಲ್ಲ, ಪ್ರೀತಿಯೇ ಮೊದಲು ಎನ್ನುವುದು ಅದರ ಹೇಳಿಕೆ.

ಹಿಪ್ಪೊ ನಗರದ ಬಿಷಪ್ ಅಗಸ್ಟಿನ್ (354–430) ಮನುಷ್ಯನ ಒಳಗೆ ತಿರುಗಿ ನೋಡಿದ. ಬದಲಾಗುವ ಮನಸ್ಸು ಬದಲಾಗದ ಸತ್ಯವನ್ನು ಗುರುತಿಸುತ್ತದೆಂದರೆ ಆ ಬೆಳಕು ಮನಸ್ಸಿನದಲ್ಲ, ದೇವರದು ಎಂದು ತರ್ಕಿಸಿದ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ದೇವರಿಗೆ ಸತ್ಯ ಒಂದು ಗುಣವಲ್ಲ, ದೇವರೇ ಸತ್ಯ, ದೇವರೇ ಇರವು ಎಂದ. ಇಷ್ಟು ಕಟ್ಟುನಿಟ್ಟಾಗಿ ಬರೆದ ಅಕ್ವಿನಾಸ್ 1273ರ ಡಿಸೆಂಬರಿನಲ್ಲಿ, ಪೂಜೆಯ ವೇಳೆ ಆದ ಒಂದು ಅನುಭವದ ಬಳಿಕ, ಲೇಖನಿ ಕೆಳಗಿಟ್ಟ. ತಾನು ಕಂಡದ್ದರ ಮುಂದೆ ಬರೆದದ್ದೆಲ್ಲ ಒಣಹುಲ್ಲಿನಂತೆ ಕಾಣುತ್ತದೆ ಎಂದನಂತೆ. ಮರುವರ್ಷ ತೀರಿಕೊಂಡ, ಅವನ ದೊಡ್ಡ ಗ್ರಂಥ ಅಪೂರ್ಣವಾಗಿಯೇ ಉಳಿಯಿತು. ದೇವರನ್ನು ಇದಲ್ಲ ಇದಲ್ಲ ಎಂದು ನಿರಾಕರಿಸುತ್ತಲೇ ಸಮೀಪಿಸಬೇಕೆಂಬ ಧಾರೆಯೊಂದು ಅದಕ್ಕೂ ಹಿಂದಿನಿಂದ, ಡಯೊನೀಸಿಯಸ್ ಎಂಬ ಹೆಸರಿನಲ್ಲಿ ಬರೆದ 6ನೇ ಶತಮಾನದ ಆಸುಪಾಸಿನ ಅಜ್ಞಾತ ಲೇಖಕನಿಂದ ಹರಿದುಬಂದಿತ್ತು. ಅದೇ ಧಾರೆಯ ಜರ್ಮನ್ ಗುರು ಮೈಸ್ಟರ್ ಎಕ್‌ಹಾರ್ಟ್ ದೇವರಿಗೂ ಆಚೆಗಿನ ನಿರಾಕಾರ ದೈವತ್ವದ ಮಾತಾಡಿದ. 1329ರಲ್ಲಿ ಪೋಪ್ ಅವನ 28 ಹೇಳಿಕೆಗಳನ್ನು ಆಕ್ಷೇಪಾರ್ಹವೆಂದು ಸಾರಿದರು. ಬೌದ್ಧರು ಮೆಚ್ಚಿ ಓದುವ ಕ್ರೈಸ್ತ ಲೇಖಕರಲ್ಲಿ ಎಕ್‌ಹಾರ್ಟ್ ಮುಂಚೂಣಿಯಲ್ಲಿದ್ದಾನೆ. ಆದರೆ ಎಕ್‌ಹಾರ್ಟನನ್ನೇ ಇಡೀ ಕ್ರೈಸ್ತಧರ್ಮದ ಪ್ರತಿನಿಧಿಯಾಗಿ ನಿಲ್ಲಿಸಿ ಹೋಲಿಕೆ ಮಾಡುವುದು ಸರಿಯಲ್ಲ. ಅವನು ಅಂಚಿನಲ್ಲಿ ನಡೆದವನು.

ಎರಡರ ನಡುವಿನ ಆಳವಾದ ಅಂತರ ಕಾಣುವುದು ಇತಿಹಾಸದ ವಿಷಯದಲ್ಲಿ. ತಥಾಗತರು ಹುಟ್ಟಲಿ ಬಿಡಲಿ, ಧರ್ಮದ ನಿಯಮ ನಿಂತೇ ಇರುತ್ತದೆ ಎಂದು ಪಾಳಿ ಸೂತ್ರಗಳು ಹೇಳುತ್ತವೆ. ಬುದ್ಧ ಅದನ್ನು ಕಂಡು ತೋರಿಸಿದವನು, ಉಂಟುಮಾಡಿದವನಲ್ಲ. ಸಿದ್ಧಾರ್ಥ ಗೌತಮ ಹುಟ್ಟಿರಲೇ ಇಲ್ಲ ಎಂದು ನಾಳೆ ಯಾರಾದರೂ ಸಾಧಿಸಿದರೆ ಬೌದ್ಧರಿಗೆ ನೋವಾದೀತು, ಪ್ರತೀತ್ಯಸಮುತ್ಪಾದಕ್ಕೆ ಕುಂದು ಬಾರದು. ಕ್ರೈಸ್ತಧರ್ಮಕ್ಕೆ ಈ ಅನುಕೂಲವಿಲ್ಲ. ಕ್ರಿಸ್ತ ಸತ್ತವರೊಳಗಿಂದ ಎದ್ದು ಬರದಿದ್ದರೆ ತಮ್ಮ ನಂಬಿಕೆಯೇ ವ್ಯರ್ಥ ಎಂದು ಸಂತ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾನೆ. ರೋಮನ್ ಸಾಮ್ರಾಜ್ಯದ ಒಂದು ಮೂಲೆಯ ಪ್ರಾಂತದಲ್ಲಿ, ಹೆಸರು ಗೊತ್ತಿರುವ ಅಧಿಕಾರಿಯೊಬ್ಬನ ಕಾಲದಲ್ಲಿ, ನಡೆದ ಘಟನೆಯೊಂದಕ್ಕೆ ಈ ಧರ್ಮ ತನ್ನ ಪರಮಸತ್ಯವನ್ನು ಕಟ್ಟಿಹಾಕಿಕೊಂಡಿದೆ. ಇದು ಅದರ ದುರ್ಬಲತೆಯೆಂದು ಕೆಲವರು ಬಗೆಯುತ್ತಾರೆ. ನೋವುಣ್ಣುವ ಮನುಷ್ಯನ ಹತ್ತಿರಕ್ಕೆ ಅದು ಇಷ್ಟು ಬೇಗ ತಲುಪುವುದಕ್ಕೆ ಕಾರಣವೂ ಅದೇ ಎಂಬುದನ್ನು ಮರೆಯಬಾರದು.

ಕನ್ನಡದಲ್ಲಿ ಈ ಅಂತರವನ್ನು ಮನಗಾಣಿಸುವ ಎರಡು ಖಂಡಕಾವ್ಯಗಳಿವೆ, ಅವೆರಡನ್ನೂ ಬರೆದವರು ಒಬ್ಬರೇ. ಕಾಸರಗೋಡಿನ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈ (1883–1963) ಗೊಲ್ಗೊಥಾದಲ್ಲಿ ಯೇಸುವಿನ ಕೊನೆಯ ದಿನವನ್ನು, ವೈಶಾಖಿಯಲ್ಲಿ ಬುದ್ಧನ ಕೊನೆಯ ದಿನವನ್ನು ಹಾಡಿದರು. ಕನ್ನಡ ಬಲ್ಲವರು ಎರಡನ್ನೂ ಒಟ್ಟಿಗಿಟ್ಟು ಓದಬೇಕು. ಮೂಲ ಗ್ರಂಥಗಳು ಹೇಳುವಂತೆ ಕುಸಿನಾರೆಯಲ್ಲಿ ಎರಡು ಸಾಲವೃಕ್ಷಗಳ ನಡುವೆ ಎಂಬತ್ತರ ಬುದ್ಧ ಬಲಮಗ್ಗುಲಾಗಿ ಮಲಗಿದ್ದಾನೆ. ಕೂಡಿಬಂದದ್ದೆಲ್ಲ ಅಳಿಯುವಂಥದ್ದು, ಎಚ್ಚರದಿಂದ ಸಾಧಿಸಿಕೊಳ್ಳಿ ಎಂದು ಶಿಷ್ಯರಿಗೆ ಹೇಳಿ ಧ್ಯಾನದ ಮೆಟ್ಟಿಲುಗಳಲ್ಲಿ ಏರಿ ಇಳಿದು ಶಾಂತನಾಗುತ್ತಾನೆ. ಯೆರೂಸಲೇಮಿನ ಹೊರಗಿನ ದಿಬ್ಬದ ಮೇಲೆ ಮೂವತ್ತು ದಾಟಿದ ಯೇಸು ಅಪರಾಧಿಗಳ ನಡುವೆ ತೂಗುತ್ತಿದ್ದಾನೆ. ದೇವರೇ ತನ್ನನ್ನು ಕೈಬಿಟ್ಟನೆಂದು ಕೂಗುತ್ತಾನೆ. ಬೌದ್ಧರಿಗೆ ಬುದ್ಧನ ಮರಣದ ಪ್ರಶಾಂತಿಯೇ ಸತ್ಯದ ಸಾಕ್ಷಿ: ತೃಷ್ಣೆ ಅಳಿದವನ ಸಾವು ಹೀಗಿರುತ್ತದೆ. ಕ್ರೈಸ್ತರಿಗೆ ಆ ಕೂಗೇ ಸಾಕ್ಷಿ: ಪರಮಸತ್ಯ ಮನುಷ್ಯನ ನೋವಿನ ಕಟ್ಟಕಡೆಯ ತಳದವರೆಗೂ ಇಳಿದುಬಂತು.

ಇದರಿಂದ ಸಾಧನೆಯ ಬಗೆಯೂ ಬೇರೆಯಾಗುತ್ತದೆ. ಬೌದ್ಧರ ಪ್ರಕಾರ ಮೂಲರೋಗ ಅವಿದ್ಯೆ, ಮದ್ದು ಪ್ರಜ್ಞೆ. ಕ್ರೈಸ್ತರ ಪ್ರಕಾರ ಮೂಲರೋಗ ಪಾಪ, ಅಂದರೆ ದೇವರಿಂದ ಮುರಿದುಬಿದ್ದ ಸಂಬಂಧ, ಮದ್ದು ಕೃಪೆ. ಈ ಗೆರೆಯೂ ಪೂರ್ತಿ ನೆಟ್ಟಗಿಲ್ಲ. ಜಪಾನಿನ ಶಿನ್ರನ್ (1173–1263) ಸ್ವಪ್ರಯತ್ನದಿಂದ ಏನೂ ಆಗದು, ಅಮಿತಾಭ ಬುದ್ಧನ ಕರುಣೆಯೊಂದೇ ಗತಿ ಎಂದು ಬೋಧಿಸಿದ. 16ನೇ ಶತಮಾನದಲ್ಲಿ ಅಲ್ಲಿಗೆ ಹೋದ ಜೆಸ್ವಿಟ್ ಪಾದ್ರಿಗಳು ಇದನ್ನು ಕೇಳಿ, ಇದು ಪ್ರಾಟೆಸ್ಟಂಟ್ ಸುಧಾರಕ ಲೂಥರನ ಬೋಧನೆಯಂತಿದೆಯಲ್ಲ ಎಂದು ಬೆರಗಾದರು.

ಎರಡು ಪರಮಸತ್ಯಗಳು ನಿಜವಾಗಿ ಮುಖಾಮುಖಿಯಾದ ಅಪರೂಪದ ಪ್ರಸಂಗವೊಂದು ಕರ್ನಾಟಕದ ಇಂದಿನ ಒಂದು ಸಂಸ್ಥೆಗೆ ತಳುಕು ಹಾಕಿಕೊಂಡಿದೆ. ಇಟಲಿಯ ಜೆಸ್ವಿಟ್ ಪಾದ್ರಿ ಇಪೊಲಿಟೊ ದೆಸಿದೆರಿ 1716ರ ಮಾರ್ಚಿನಲ್ಲಿ ಲಾಸಾ ತಲುಪಿದ. ಟಿಬೆಟಿನ ಧರ್ಮವನ್ನು ಅಲ್ಲಗಳೆಯುವುದಿದ್ದರೆ ಮೊದಲು ಅದನ್ನು ಅವರ ಭಾಷೆಯಲ್ಲೇ, ಅವರ ಗುರುಗಳಿಂದಲೇ ಕಲಿಯಬೇಕು ಎಂದು ನಿರ್ಧರಿಸಿದ. ಮರುವರ್ಷ ಸೆರಾ ಮಹಾವಿಹಾರ ಸೇರಿ, ಭಿಕ್ಷುಗಳ ನಡುವೆ ವಾಸಿಸಿ, ಚೊಂಖಾಪ ಗುರುವಿನ ಗ್ರಂಥಗಳನ್ನು ಓದಿದ, ವಾದಸಭೆಗಳಲ್ಲಿ ಕೂತ. ಅವನಿಗೆ ಅತ್ಯಂತ ಕಷ್ಟವಾದದ್ದು ಶೂನ್ಯತೆಯ ಪಾಠ. ಅದನ್ನು ಬಿಡಿಸಿ ಹೇಳಬಲ್ಲ ಗುರುವಿಗಾಗಿ ಬಹಳ ಒದ್ದಾಡಿದ. ಕೊನೆಗೆ ಅರ್ಥವಾದಾಗ ತೊಡಕು ಎಲ್ಲಿದೆ ಎಂಬುದೂ ಸ್ಪಷ್ಟವಾಯಿತು: ತನ್ನ ಬಲದಿಂದ ತಾನೇ ಇರುವ ಯಾವುದೂ ಇಲ್ಲ ಎಂದರೆ ದೇವರಿಗೆ ಜಾಗವೇ ಉಳಿಯುವುದಿಲ್ಲ. ಏಕೆಂದರೆ ಕ್ರೈಸ್ತರ ದೇವರು ಹಾಗೆ ತನ್ನಿಂದ ತಾನೇ ಇರುವವನು. ಪುನರ್ಜನ್ಮವನ್ನೂ ಶೂನ್ಯತೆಯನ್ನೂ ಖಂಡಿಸಿ ದೆಸಿದೆರಿ ಟಿಬೆಟನ್ ಭಾಷೆಯಲ್ಲೇ, ಬೌದ್ಧರ ತರ್ಕಶೈಲಿಯಲ್ಲೇ, ದೊಡ್ಡ ಗ್ರಂಥಗಳನ್ನು ಬರೆದ. ಎದುರಾಳಿಯ ಸಿದ್ಧಾಂತವನ್ನು ಇಷ್ಟು ಶ್ರದ್ಧೆಯಿಂದ ಕಲಿತು ವಾದಕ್ಕಿಳಿದವರು ವಿರಳ. ದೇವರನ್ನು ಮಾತಿನಲ್ಲಿ ಅಲ್ಲಗಳೆದರೂ ಟಿಬೆಟಿನವರು ಬುದ್ಧ, ಧರ್ಮ, ಸಂಘಗಳಲ್ಲಿ ದೇವಗುಣಗಳನ್ನು ಕಂಡು ಪೂಜಿಸುತ್ತಾರೆ ಎಂಬುದನ್ನೂ ಅವನು ಗಮನಿಸಿದ್ದ. ತನ್ನ ಪಂಥಕ್ಕೂ ಕಪುಚಿನ್ ಪಂಥಕ್ಕೂ ನಡುವಿನ ಅಧಿಕಾರದ ತಕರಾರಿನಿಂದ 1721ರಲ್ಲಿ ಟಿಬೆಟ್ ಬಿಡಬೇಕಾಯಿತು. ಮುಂದೆ ದಕ್ಷಿಣ ಭಾರತದ ಕರ್ನಾಟಿಕ್ ಮಿಷನ್ನಿನಲ್ಲಿ ದುಡಿದು, 1727ರಲ್ಲಿ ಪುದುಚೇರಿಯಿಂದ ಯುರೋಪಿಗೆ ಹಡಗು ಹತ್ತಿದ. ಅವನ ವೃತ್ತಾಂತ ಅಚ್ಚಾದದ್ದು ಸತ್ತು ಒಂದೂವರೆ ಶತಮಾನ ಕಳೆದ ಮೇಲೆ.

ಆ ಸೆರಾ ಮಹಾವಿಹಾರದ ಪರಂಪರೆ ಈಗ ಮುಂದುವರಿಯುತ್ತಿರುವುದು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ. ದ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳದ್ದು ಉತ್ತರ ಕನ್ನಡದ ಮುಂಡಗೋಡಿನಲ್ಲಿ. ಅಲ್ಲಿನ ಅಂಗಳಗಳಲ್ಲಿ ನಾಗಾರ್ಜುನ ಮತ್ತು ಅವನ ವ್ಯಾಖ್ಯಾನಕಾರ ಚಂದ್ರಕೀರ್ತಿಯ ಮಾತಿನ ಮೇಲೆ ಇಂದಿಗೂ ವಾದ ನಡೆಯುತ್ತದೆ. ಉತ್ತರಿಸುವ ಭಿಕ್ಷು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನಿಸುವವನು ನಿಂತು, ಜಪಸರವನ್ನು ತೋಳಿಗೇರಿಸಿ, ಪ್ರಶ್ನೆ ಮುಗಿಯುತ್ತಿದ್ದಂತೆ ಎಡಗಾಲನ್ನು ನೆಲಕ್ಕಪ್ಪಳಿಸಿ ಬಲಗೈಯನ್ನು ಎಡಗೈಗೆ ಚಪ್ಪಾಳೆಯಾಗಿ ಬಡಿಯುತ್ತಾನೆ. ಕೂತವನು ಒಪ್ಪುತ್ತೇನೆ, ಕಾರಣ ಸಿದ್ಧವಾಗಿಲ್ಲ, ವ್ಯಾಪ್ತಿಯಿಲ್ಲ ಎಂಬಂಥ ಗೊತ್ತಾದ ಉತ್ತರಗಳಲ್ಲೊಂದನ್ನು ತಡಮಾಡದೆ ಕೊಡಬೇಕು. ಗೆಶೆ ಪದವಿಗೆ ಇಂಥ ವರ್ಷಾನುವರ್ಷಗಳ ಅಭ್ಯಾಸ ಬೇಕು. ಪರಮಾರ್ಥವನ್ನು ಧ್ಯಾನದಲ್ಲಿ ಕಾಣುವ ಮೊದಲು ತರ್ಕದಲ್ಲಿ ಒರೆಗೆ ಹಚ್ಚಬೇಕೆಂಬುದು ಈ ಪರಂಪರೆಯ ಕಟ್ಟಳೆ. ನಂಬಿಕೆ ತಿಳಿವಳಿಕೆಯನ್ನು ಅರಸುತ್ತದೆ ಎಂದು ಹೊರಟ ಮಧ್ಯಯುಗದ ಕ್ರೈಸ್ತ ವಿದ್ಯಾಲಯಗಳಲ್ಲೂ ವಾದವೇ ಪಾಠದ ಕ್ರಮವಾಗಿತ್ತು. ಎರಡು ಧರ್ಮಗಳ ನಡುವೆ ನಿಜವಾದ ಹೋಲಿಕೆ ಹುಡುಕುವವರು ಇಂಥಲ್ಲಿ ಹುಡುಕಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಮಾತುಕತೆಯ ಧಾಟಿ ಮೃದುವಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ ಬೌದ್ಧಧರ್ಮವನ್ನು ಹೆಸರಿಸಿ, ಈ ಚಂಚಲ ಲೋಕದ ಅಪೂರ್ಣತೆಯನ್ನು ಅದು ಗುರುತಿಸಿದೆ ಎಂದು ಗೌರವದಿಂದ ಹೇಳಿತು. ಜಪಾನಿನ ಬೌದ್ಧ ಚಿಂತಕ ಅಬೆ ಮಸಾವೊ ಅವರು ಕ್ರಿಸ್ತ ತನ್ನನ್ನು ತಾನೇ ಬರಿದುಮಾಡಿಕೊಂಡ ಎಂಬ ಪೌಲನ ಮಾತನ್ನು ಶೂನ್ಯತೆಯ ಬೆಳಕಿನಲ್ಲಿ ಓದಿದರು. ಇದು ಆಕರ್ಷಕ ಓದು. ಆದರೆ ಕ್ರಿಸ್ತ ಬರಿದುಮಾಡಿಕೊಂಡದ್ದು ಪ್ರೀತಿಯಿಂದ, ತಾನೇ ಆರಿಸಿಕೊಂಡು. ಶೂನ್ಯತೆ ಯಾರೂ ಆರಿಸಿಕೊಂಡದ್ದಲ್ಲ. 1994ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತ ಸಾಧಕರ ಮುಂದೆ ಸುವಾರ್ತೆಗಳ ಮೇಲೆ ಮಾತಾಡಿದ ದಲೈ ಲಾಮಾ ಅವರು ಕರುಣೆ, ಸಹನೆಗಳಲ್ಲಿ ಎರಡೂ ಧರ್ಮಗಳು ಕೂಡುವುದನ್ನು ತೋರಿಸಿದರು. ಸೃಷ್ಟಿಕರ್ತನ ವಿಷಯಕ್ಕೆ ಬಂದಾಗ ಎರಡನ್ನೂ ಬೆರೆಸಿ ಹೊಸದೊಂದನ್ನು ಮಾಡಲು ಹೋಗಬೇಡಿ ಎಂದು ಎಚ್ಚರಿಸಿದರು. ಅವರ ಎಚ್ಚರಿಕೆ ಸರಿಯಾದದ್ದು.

ಕಲಬುರಗಿ, ರಾಯಚೂರು, ಗದ್ವಾಲ್ ಸೀಮೆಯಲ್ಲಿ ಈ ಧರ್ಮಗಳನ್ನು ಹಿಡಿದವರಲ್ಲಿ ಬಹುಪಾಲು ದಲಿತ ಕುಟುಂಬಗಳು ಎಂಬುದನ್ನು ಬಿಟ್ಟು ಪರಮಸತ್ಯದ ಮಾತು ಪೂರ್ತಿಯಾಗುವುದಿಲ್ಲ. ಗದ್ವಾಲ್, ಮಹಬೂಬ್‌ನಗರ ಕಡೆ ಅಮೆರಿಕನ್ ಬ್ಯಾಪ್ಟಿಸ್ಟರೂ ಆಮೇಲೆ ಮೆನೊನೈಟ್ ಬ್ರದರನ್ ಮಿಷನ್ನಿನವರೂ ಕೆಲಸ ಮಾಡಿದರು. ಇವೆರಡೂ ಎಳೆ ಮಗುವಿಗೆ ದೀಕ್ಷಾಸ್ನಾನ ಕೊಡದ ಸಭೆಗಳು. ಬುದ್ಧಿ ಬಲಿತವರು ತಾವೇ ಸಾಕ್ಷಿ ಹೇಳಿ ನೀರಿಗಿಳಿಯಬೇಕು. ಸತ್ಯ ಹುಟ್ಟಿನಿಂದ ಬರುವುದಿಲ್ಲ. ಹುಟ್ಟನ್ನೇ ಹಿಡಿದು ಹೊರಗಿಡಲ್ಪಟ್ಟವರಿಗೆ ಈ ಮಾತು ಎಷ್ಟು ದೊಡ್ಡದೆಂದು ಊಹಿಸಬಹುದು. ಬಿ.ಆರ್. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿದರು. ಅವರು ಮರಣಾನಂತರ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬುದ್ಧನ ಬೋಧನೆಯನ್ನು ಮನುಷ್ಯ ಮನುಷ್ಯರ ನಡುವಿನ ನೀತಿಯಾಗಿ ಓದಿದರು. ದೇವರಿಗೆ ಬೇರೆ ಧರ್ಮಗಳಲ್ಲಿ ಇರುವ ಸ್ಥಾನ ಬುದ್ಧನ ಧಮ್ಮದಲ್ಲಿ ನೀತಿಗಿದೆ ಎಂಬುದು ಅವರ ನಿಲುವು. ನಾಗಾರ್ಜುನನ ಸೂಕ್ಷ್ಮ ತರ್ಕ ಅಲ್ಲಿ ಹಿನ್ನೆಲೆಗೆ ಸರಿಯುತ್ತದೆ, ಸಮಾನತೆ ಮುಂದೆ ಬರುತ್ತದೆ. ಶಾಸ್ತ್ರೀಯ ಬೌದ್ಧರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಆದರೆ ಮಾಡಿ ಮುಗಿಸಬೇಕಾದ ಸತ್ಯ ಎಂಬ ಸಾರನಾಥದ ಮಾತಿಗೆ ಅಂಬೇಡ್ಕರ್ ಓದು ಹತ್ತಿರದಲ್ಲೇ ಇದೆ. 2009ರ ಜನವರಿಯಲ್ಲಿ ಉದ್ಘಾಟನೆಯಾದ ಕಲಬುರಗಿಯ ಬುದ್ಧವಿಹಾರ ಈ ಓದಿನಿಂದ ಹುಟ್ಟಿದ ಕಟ್ಟಡ.

ಬೇರೆಯವರ ಪರಮಸತ್ಯವನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದಕ್ಕೆ ಈ ನೆಲದಲ್ಲಿ ಒಂದು ಬರಹವಿದೆ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಅದರಲ್ಲಿರುವುದು ಅವನ 12 ಮತ್ತು 14ನೇ ಬಂಡೆಶಾಸನಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಹನ್ನೆರಡನೆಯದು ಪಂಥಗಳ ನಡುವಿನ ನಡತೆಯನ್ನು ಕುರಿತದ್ದು. ತನ್ನ ಪಂಥದ ಮೇಲಿನ ಅಭಿಮಾನಕ್ಕೆ ಬೇರೆಯವರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ನಾಲಗೆಯ ಮೇಲೆ ಹಿಡಿತವಿರಲಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಲಿ ಎಂಬುದು ಅದರ ತಾತ್ಪರ್ಯ. ಎಲ್ಲ ಪಂಥಗಳೂ ಒಂದೇ ಎಂದು ಅಶೋಕ ಅಲ್ಲಿ ಹೇಳಿಸಿಲ್ಲ. ಪ್ರತಿಯೊಂದರ ತಿರುಳೂ ಬೆಳೆಯಲಿ ಎಂದಿದ್ದಾನೆ. ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಕಡೆಯ ಕನ್ನಡ ಮಕ್ಕಳಿಗೆ ಸನ್ನತಿ ದೂರದ ಊರಲ್ಲ. ಶಾಲೆಯ ಪ್ರವಾಸದ ಪಟ್ಟಿಯಲ್ಲಿ ಅದನ್ನು ಸೇರಿಸಬೇಕು, ಹೊರಡುವ ಮುನ್ನ ಹನ್ನೆರಡನೆಯ ಶಾಸನದ ಕನ್ನಡ ಪಾಠವನ್ನು ತರಗತಿಯಲ್ಲಿ ಓದಿಸಬೇಕು.